ಹೆಬ್ಬಾತಿನ ಪೂನ್ ಅಣ್ಣನಿಗೆ ಏರಿದ ಉಷ್ಣ

ನಮ್ಮ ಗಲ್ಲಿಯಲ್ಲಿ ಯಾರಿಗೆ ಏನೇ ಆಗಲಿ, ಯುಕ್‌ಲಾನ್ ಅಕ್ಕನ ಪ್ರಕಾರ ಅದು ಉಷ್ಣವೇ. ಗುಳ್ಳೆ ಎದ್ದರೆ ಉಷ್ಣ, ಬಾಯಿಹುಣ್ಣಾದರೆ ಉಷ್ಣ, ಗಂಡ ಹೆಂಡತಿ ಜಗಳವಾಡಿದರೆ ಇಬ್ಬರಿಗೂ ಉಷ್ಣ. ಗ್ವಾಂಗ್‌ಝೌ ಊರಿನ ಹಳೇ ಪೇಟೆಯಲ್ಲಿ ಅಪ್ಪ ಬಿಟ್ಟುಹೋದ ಕಷಾಯದ ಅಂಗಡಿಯನ್ನು ಚಿಕ್ಕ ವಯಸ್ಸಿಗೇ ಹೆಗಲಿಗೆ ಹಾಕಿಕೊಂಡವಳು, ಮದುವೆಗೆ ಪುರುಸೊತ್ತಾಗದೆ ಐವತ್ತು ದಾಟಿದ್ದಳು. ಬಂದವರು ಮೊದಲು ನಾಲಿಗೆ ಚಾಚಬೇಕು, ಆಮೇಲೆ ಬೈಸಿಕೊಳ್ಳಬೇಕು, ಕೊನೆಗೆ ಮೈ ತಂಪು ಮಾಡುವ ಆ ಕಪ್ಪು ಕಷಾಯವನ್ನು ಮೂಗು ಹಿಡಿದು ಕುಡಿಯಬೇಕು. ಪಕ್ಕದಲ್ಲೇ ನನ್ನ ಚಪ್ಪಲಿ ಅಂಗಡಿ. ಹಾಗಾಗಿ ನಾನು ಬೈಸಿಕೊಂಡಷ್ಟು ಇನ್ಯಾರೂ ಬೈಸಿಕೊಂಡಿರಲಾರರು. ಒಮ್ಮೆ ಬಾಗಿಲು ಬಡಿದು ನನ್ನ ಮೂಗಲ್ಲಿ ರಕ್ತ ಬಂದಾಗಲೂ ಉಷ್ಣವೆಂದೇ ಕುಡಿಸಿದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಹೆಂಗಸು.

ಎದುರಿಗೆ ಹೆಬ್ಬಾತು ಹುರಿದು ಮಾರುವ ಪೂನ್ ಅಣ್ಣ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಆಳು ಆನೆಯಷ್ಟು, ಧೈರ್ಯ ಗುಬ್ಬಿಯಷ್ಟು. ಒಂದು ವಸಂತದ ಸಂಜೆ ಇಸ್ತ್ರಿ ಅಂಗಿ ತೊಟ್ಟು, ಯುಕ್‌ಲಾನ್ ಅಕ್ಕನನ್ನು ಮದುವೆಯಾಗ್ತೀರಾ ಎಂದು ಕೇಳಲು ಹೊರಟ. ನನ್ನ ಅಂಗಡಿಯಲ್ಲಿ ನಿಂತು ಮಾತನ್ನು ಉರು ಹೊಡೆದುಕೊಂಡೇ ಹೋದ.

"ಯುಕ್‌ಲಾನ್ ಅವ್ರೇ, ನಾನು..." ಎಂದ. ಮುಖ ಕೆಂಪೇರಿತು.

"ನಾಲಿಗೆ ಚಾಚಿ."

ಚಾಚಿದ.

"ಒಲೆ ಮುಂದೆ ನಿಂತೂ ನಿಂತೂ ಬೆಂದುಹೋಗಿದೀರ. ನಿದ್ದೆ ಬರತ್ತಾ?"

"ಇಲ್ಲ."

"ಊಟ ಸೇರತ್ತಾ?"

"ಇಲ್ಲ."

"ಎದೆ ಡವಡವ ಅನ್ನತ್ತಾ?"

"ಈಗಂತೂ ಜಾಸ್ತಿ."

"ಉಷ್ಣ. ದಿನಾ ಒಂದ್ ಬಟ್ಟಲು ಕುಡೀರಿ."

ಹೀಗೆ ಶುರುವಾಯಿತು. ದಿನವೂ ಹೇಳಲೆಂದು ಹೋಗುವುದು, ಕೆಂಪಾಗುವುದು, ಕುಡಿದು ಬರುವುದು. ಕೆಂಪು ಇಳಿಯದ್ದು ನೋಡಿ ಅವಳು ಕಷಾಯವನ್ನು ಇನ್ನಷ್ಟು ಗಟ್ಟಿ ಮಾಡಿದಳು. ಬೇಸಿಗೆಯಲ್ಲಿ ನಾವೆಲ್ಲ ಬನಿಯನ್ನಿನಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತಿದ್ದರೆ ಪೂನ್ ಅಣ್ಣ ಉಣ್ಣೆ ಸ್ವೆಟರ್ ಹಾಕಿ ಹೆಬ್ಬಾತು ಕತ್ತರಿಸುತ್ತಿದ್ದ. ಗಿರಾಕಿಗಳನ್ನು ಅರ್ಧಕ್ಕೇ ಬಿಟ್ಟು ಕಕ್ಕಸಿಗೆ ಓಡುತ್ತಿದ್ದ. ಕಷಾಯ ಅವನ ಮೈಯನ್ನು ಪೂರ್ತಿ ತಣ್ಣಗೆ ಮಾಡಿಬಿಟ್ಟಿತ್ತು.

"ಹೇಳಿಬಿಡಿ ಮಾರಾಯ್ರೆ. ಇಲ್ದಿದ್ರೆ ಆ ಕಷಾಯ ನಿಮ್ಮನ್ನ ಮುಗಿಸತ್ತೆ," ಅಂತ ನಾನು ರೇಗಿದೆ.

"ಹೇಳಿ, ಅವ್ರು ಬೇಡ ಅಂದ್ಬಿಟ್ರೆ? ಈಗ ದಿನಾ ಒಂದ್ಸಲ ನಾಲಿಗೆನಾದ್ರೂ ನೋಡ್ತಾರೆ," ಅಂದ.

ನನಗೆ ನಗುವೂ ಬಂತು, ಪಾಪ ಅಂತಲೂ ಅನ್ನಿಸಿತು.

ಒಂದು ಸಂಜೆ ಅವಳ ಅಂಗಡಿ ತುಂಬ ಜನ, ನಾನೂ ಇದ್ದೆ. ಪೂನ್ ಅಣ್ಣ ಬರುತ್ತಲೇ ಚಳಿಗೆ ನಡುಗುತ್ತ ಹೊಸ್ತಿಲ ಮೇಲೆ ಕುಸಿದು ಕೂತ. ಅಲ್ಲೇ ಚದುರಂಗ ಆಡುತ್ತಿದ್ದ ಮುದುಕ ತಾಮ್, ಹಿಂದೆ ದೋಣಿ ನಡೆಸುತ್ತಿದ್ದವನು, ಬಾಯಿ ಹಾಕಿದ.

"ನೋಡವ್ವ ನಿನ್ನ ಮದ್ದಿನ ಚೆಂದವ. ಈ ಧಗೆಲಿ ಮನುಷ್ಯ ನಡುಗ್ತಾ ಕೂತವ್ನೆ. ನಿಂಗೆ ಉಷ್ಣ ಯಾವ್ದು ಶೀತ ಯಾವ್ದು ಗೊತ್ತಾಯ್ತದಾ?"

ಜನ ನಕ್ಕರು. ಆಮೇಲೆ ತಮ್ಮ ತಮ್ಮ ಬಟ್ಟಲಿನೊಳಗೆ ಇಣುಕಿದರು. ಒಬ್ಬೊಬ್ಬರೇ ಕುಡಿಯದೆ ಕೆಳಗಿಟ್ಟರು. ಯುಕ್‌ಲಾನ್ ಅಕ್ಕನ ಮುಖ ಬಾಡಿತು. ಅಪ್ಪನ ಕಾಲದ ಹೆಸರು ನಮ್ಮ ಕಣ್ಣೆದುರೇ ಮಣ್ಣುಪಾಲಾಗುತ್ತಿತ್ತು.

ಅದನ್ನು ಪೂನ್ ಅಣ್ಣ ನೋಡಿದ. ಗೋಡೆ ಹಿಡಿದು ಎದ್ದ.

"ಯಾರ್ರೀ ನಡುಗ್ತಿರೋದು? ನಂಗೆ ಸೆಖೆ ಸೆಖೆ," ಅಂದ, ಹಲ್ಲು ಕಟಕಟ ಅನ್ನುತ್ತಿತ್ತು. "ಅವ್ರು ಹೇಳಿದ್ದೇ ಸರಿ. ಇನ್ನೊಂದ್ ಬಟ್ಟಲು ಕೊಡಿ."

ಅವಳು ಕೊಟ್ಟಳು. ಕೊಡುವಾಗ ಅವನ ಕೈ ತಾಗಿತು. ಕೈ ಬಾವಿಕಟ್ಟೆಯ ಕಲ್ಲಿನಷ್ಟು ತಣ್ಣಗೆ, ಮುಖ ಮಾತ್ರ ಕೆಂಪು ಕೆಂಪು. ಕೈ ನೋಡಿದಳು, ಮುಖ ನೋಡಿದಳು. ಬಟ್ಟಲನ್ನು ಕಿತ್ತುಕೊಂಡು ಮೋರಿಗೆ ಚೆಲ್ಲಿದಳು.

"ಯಾವಾಗಿಂದ ಹೀಗೆ?"

"ಚಳಿನಾ? ಹೋದ ತಿಂಗಳಿಂದ."

"ಚಳಿ ಅಲ್ಲ, ಈ ಮುಖದ ಕೆಂಪು."

ಪೂನ್ ಅಣ್ಣ ನನ್ನ ಕಡೆ ನೋಡಿದ. ಹೇಳಿ ಅಂತ ಕಣ್ಸನ್ನೆ ಮಾಡಿದೆ.

"ಮೊದಲನೇ ಬಟ್ಟಲಿಗಿಂತ ಮುಂಚಿಂದ," ಅಂದ.

ಯುಕ್‌ಲಾನ್ ಅಕ್ಕ ಸೊಂಟಕ್ಕೆ ಕೈಕೊಟ್ಟು ತಾಮ್ ಮುದುಕನ ಕಡೆ ತಿರುಗಿದಳು.

"ಹೌದು, ನಾನು ನೋಡಿದ್ದು ತಪ್ಪು. ಏನೀಗ?"

ಆಮೇಲೆ ಪೂನ್ ಅಣ್ಣನ ರಟ್ಟೆ ಹಿಡಿದು ಒಳಗೆ ನಡೆಸಿದಳು.

"ಶುಂಠಿ ಕುದಿಸಿ ಕೊಡ್ತೀನಿ. ಕೇಳೋದಿದ್ರೆ ಅದು ಕುಡಿದ್ಮೇಲೆ ಕೇಳಿ. ಹೀಗೆ ಹಲ್ಲು ಕಡೀತಾ ಕೇಳಿದ್ರೆ, ನಾನು ಹೂಂ ಅಂದಿದ್ದು ನಿಮಗೇ ಕೇಳ್ಸಲ್ಲ."