ಮಿಷನ್ ನಿಲ್ಲಿಸಿದಾಕೆ

ಆಕೆಯ ಹುಬ್ಬುಗಳು ಯಾವಾಗಲೂ ಹಳದಿಯಾಗಿರುತ್ತಿದ್ದವು. ಬೇಳೆ ಮಿಲ್ಲಿನಲ್ಲಿ ಹೊಟ್ಟು ಹಾರುವ ಕಡೆ ನಿಂತು ಕೆಲಸ ಮಾಡುವವರು ತಲೆ, ಮೂಗು, ಬಾಯಿಗೆಲ್ಲ ಬಟ್ಟೆ ಸುತ್ತಿಕೊಳ್ಳಲೇಬೇಕು. ಹೊರಗೆ ಉಳಿಯುವುದು ಕಣ್ಣು ಮತ್ತು ಹುಬ್ಬು ಮಾತ್ರ. ತೊಗರಿಬೇಳೆಯ ನುಣ್ಣನೆಯ ಪುಡಿ ಆ ಹುಬ್ಬಿನ ಮೇಲೆ ಕೂತು ಕೂತು, ಸಂಜೆಯ ಹೊತ್ತಿಗೆ ಯಾರೋ ಅರಿಸಿನ ಹಚ್ಚಿ ತಿದ್ದಿದ ಹಾಗೆ ಕಾಣುತ್ತಿತ್ತು. ಉಳಿದ ಹೆಂಗಸರು ಮನೆಗೆ ಹೊರಡುವ ಮೊದಲು ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದರು. ನಾವೆಲ್ಲ ಅಕ್ಕ ಎನ್ನುತ್ತಿದ್ದ ಆಕೆ ಮಾತ್ರ ತೊಳೆಯುತ್ತಿರಲಿಲ್ಲ. ಹಾಗೆಯೇ ತೆಲಂಗಾಣದ ತಾಂಡೂರಿನ ಬಜಾರಿನ ನಡುವೆ ನಡೆದು ಹೋಗುತ್ತಿದ್ದಳು. ಯಾಕೆ ಎಂದು ಕೇಳಿದರೆ, ಇದು ದುಡಿದ ಮುಖ, ಮುಚ್ಚಿಡುವಂಥದ್ದು ಏನಿದೆ ಎನ್ನುತ್ತಿದ್ದಳು.

ನಾನು ಆ ಮಿಲ್ಲಿಗೆ ಸೇರಿದ್ದು ಡಿಗ್ರಿ ಮುಗಿದ ವರ್ಷ. ನಮ್ಮೂರು ಕಂಗ್ಟಿಯ ಹತ್ತಿರ. ಅಪ್ಪ ಕುರಿ ಸಾಕುತ್ತಿದ್ದರು, ಜೊತೆಗೆ ಒಂದಿಷ್ಟು ಜೋಳದ ಹೊಲ. ನಮ್ಮ ಮನೆಯಿಂದ ಹೊರಗೆ ಹೋಗಿ ನೌಕರಿ ಮಾಡಿದ ಮೊದಲ ಹುಡುಗಿ ನಾನೇ. ಕಂಪ್ಯೂಟರಿನ ಮುಂದೆ ಕೂರುವ ಕೆಲಸ ಎಂದು ಹೇಳಿ ಅಪ್ಪನನ್ನು ಒಪ್ಪಿಸಿದ್ದೆ. ಕೂರುವುದು ನಿಜ, ಆದರೆ ಆಗಾಗ ಮಿಲ್ಲಿನ ಒಳಗೆ ಹೋಗಿ ಎಷ್ಟು ಮಾಲು ತಯಾರಾಗಿದೆ ಎಂದು ಕೇಳಿಕೊಂಡು ಬರಬೇಕಿತ್ತು. ಅದನ್ನು ಹೇಳುವವಳು ಅಕ್ಕ. ಬೇಳೆ ಆರಿಸುವ ಹೆಂಗಸರನ್ನೆಲ್ಲ ನಡೆಸುತ್ತಿದ್ದವಳು ಅವಳೇ. ಆಚೆ ಚೀಲ ಹೊರುವ ಹಮಾಲರ ಮೇಲಿದ್ದ ಗಂಡಸಿಗೆ ಸೂಪರ್‌ವೈಜರ್ ಎಂಬ ಹೆಸರಿತ್ತು, ಕುರ್ಚಿ ಇತ್ತು, ಹೆಚ್ಚಿನ ಪಗಾರವಿತ್ತು. ಅದೇ ಕೆಲಸ ಮಾಡುತ್ತಿದ್ದ ಇವಳನ್ನು ಮಾತ್ರ ಹಾಜರಿಯಲ್ಲಿ ಕೂಲಿಯಾಳು ಎಂದೇ ಬರೆಯುತ್ತಿದ್ದರು. ಅದಕ್ಕೇ ಹೆಂಗಸರೆಲ್ಲ ಹಟ ಹಿಡಿದು ಅವಳನ್ನು ಸೂಪರ್‌ವೈಜರ್ ಅಕ್ಕ ಎಂದು ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಅಕ್ಕನ ತವರು ಝರಾಸಂಗಂ ಕಡೆಯ ಒಂದು ಹಳ್ಳಿ. ಬೌದ್ಧರ ಮನೆ. ಮಗಳು ಓದಲೇಬೇಕು ಎಂದು ಅಪ್ಪ ಹತ್ತನೇ ತರಗತಿಯವರೆಗೆ ಜಗಳವಾಡಿ ಓದಿಸಿದ್ದರಂತೆ. ಗಂಡ ತಾಂಡೂರಿನಲ್ಲಿ ಹಾಸುಗಲ್ಲು ಪಾಲಿಶ್ ಮಾಡುವವರು, ಮಾತು ಕಡಿಮೆ. ಅಕ್ಕನಿಗೆ ಮೂರು ಭಾಷೆಗಳೂ ಸಲೀಸು. ಲಾರಿಯವರೊಂದಿಗೆ ಉರ್ದು, ಕಚೇರಿಗಳಲ್ಲಿ ತೆಲುಗು, ನಮ್ಮೊಂದಿಗೆ ಕನ್ನಡ. ಮೂರರಲ್ಲೂ ಒಂದೇ ಗತ್ತು.

ನಾನು ಸೇರುವ ಮೊದಲು ಆ ಮಿಲ್ಲಿನಲ್ಲಿ ಹೆಂಗಸರಿಗೆ ಶೌಚಾಲಯವೇ ಇರಲಿಲ್ಲವಂತೆ. ಗಂಡಸರಿಗಿತ್ತು. ಹೆಂಗಸರು ಹಿಂದಿನ ಜಾಲಿ ಗಿಡಗಳ ಕಡೆ ಹೋಗಬೇಕು, ಅದೂ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮಾತ್ರ. ಅಕ್ಕ ಕೇಳಿ ಕೇಳಿ ಸಾಕಾಗಿ, ಒಂದು ದಿನ ಹೆಂಗಸರನ್ನೆಲ್ಲ ಕರೆದುಕೊಂಡು ಮಿಲ್ಲಿನ ಪಕ್ಕದಲ್ಲೇ ಇದ್ದ ಮಾಲೀಕ ಸೇಟರ ಮನೆಗೆ ನಡೆದಳು. ಬಾಗಿಲು ತೆರೆದ ಸೇಟರ ಹೆಂಡತಿಗೆ ಕೈಮುಗಿದು, ನಮಗೆ ಹೋಗಲು ಜಾಗವಿಲ್ಲ, ನಿಮ್ಮ ಬಚ್ಚಲುಮನೆ ತೋರಿಸಿ ತಾಯಿ ಎಂದಳು. ಆ ತಾಯಿ ಒಳ್ಳೆಯವರು, ತೋರಿಸಿದರು. ಮೈಯೆಲ್ಲ ಹೊಟ್ಟು ಮೆತ್ತಿಕೊಂಡ ಹೆಂಗಸರು ಹೊಳೆಯುವ ನೆಲದ ಮೇಲೆ ಒಬ್ಬೊಬ್ಬರಾಗಿ ಸಾಲಾಗಿ ನಡೆದರು. ಮರುದಿನವೂ ಹೋದರು. ಆ ವಾರವೇ ಮಿಲ್ಲಿನ ಹಿಂದೆ ಶೌಚಾಲಯಕ್ಕೆಂದು ಇಟ್ಟಿಗೆ ಬಂದು ಬಿತ್ತು. ಈ ಕಥೆ ಹೇಳುವಾಗ ಅಕ್ಕ ನಗುತ್ತಿರಲಿಲ್ಲ, ಕೇಳುವವರು ನಗುತ್ತಿದ್ದರು.

ನಮ್ಮ ಮ್ಯಾನೇಜರನಿಗೆ ಒಂದು ಅಭ್ಯಾಸವಿತ್ತು. ಮಿಲ್ಲಿನೊಳಗೆ ಮಿಷನ್ನುಗಳ ಸದ್ದಿಗೆ ಪಕ್ಕದಲ್ಲಿದ್ದವರ ಮಾತೂ ಕೇಳುವುದಿಲ್ಲ. ಅದನ್ನೇ ನೆಪ ಮಾಡಿಕೊಂಡು ಅವನು ಹೆಂಗಸರ ಕಿವಿಯ ಹತ್ತಿರ ಬಾಯಿ ತಂದು ಮಾತಾಡುತ್ತಿದ್ದ. ಗಂಡಸರಿಗೆ ಮಾತ್ರ ಆ ತುದಿಯಿಂದಲೇ ಕೂಗಿ ಹೇಳುತ್ತಿದ್ದ. ಕಿವಿಯ ಹತ್ತಿರ ಬಂದಾಗ ಒಂದು ಕೈ ಬೆನ್ನಿನ ಮೇಲಿರುತ್ತಿತ್ತು. ಹೇಳುತ್ತಿದ್ದುದು ಅರ್ಧ ಕೆಲಸದ ಮಾತು, ಅರ್ಧ ಬೇರೆ. ಅಕ್ಕನ ಹತ್ತಿರ ಮಾತ್ರ ಅದು ನಡೆಯುತ್ತಿರಲಿಲ್ಲ. ಅವನು ಹೆಜ್ಜೆ ಮುಂದಿಟ್ಟ ಕೂಡಲೇ ಅಂಗೈ ಎತ್ತಿ ತಡೆಯುತ್ತಿದ್ದಳು.

“ಅಲ್ಲಿಂದನ ಹೇಳ್ರಿ. ನಂಗ ಕೇಳಸ್ತದ.”

ನನಗೆ ಹಾಗೆ ಹೇಳುವುದು ಗೊತ್ತಿರಲಿಲ್ಲ. ಹೊಸ ನೌಕರಿ, ಮನೆಯಲ್ಲಿ ಗೊತ್ತಾದರೆ ಮರುದಿನವೇ ಬಸ್ಸು ಹತ್ತಿಸಿ ಊರಿಗೆ ಕರೆಸಿಕೊಳ್ಳುತ್ತಾರೆ ಎಂಬ ಹೆದರಿಕೆ. ಅವನು ಬಂದಾಗೆಲ್ಲ ನಾನು ಪಕ್ಕಕ್ಕೆ ಸರಿಯುತ್ತಿದ್ದೆ, ಅವನೂ ಸರಿಯುತ್ತಿದ್ದ. ಅಕ್ಕ ಇದನ್ನೆಲ್ಲ ನೋಡುತ್ತಿದ್ದಳು ಎಂದು ನನಗೆ ತಿಳಿದದ್ದು ಆಮೇಲೆ.

ತೊಗರಿ ಬಂದು ಬೀಳುವ ಕಾಲ, ಮಾರ್ಕೆಟ್ಟಿನಿಂದ ಮಾಲು ನಿಲ್ಲದೆ ಬರುತ್ತಿತ್ತು. ಆ ದಿನ ಮಧ್ಯಾಹ್ನ ನಾನು ಒಳಗೆ ಹೋದಾಗ ಮ್ಯಾನೇಜರ್ ಹಿಂದಿನಿಂದ ಬಂದು ಬೆನ್ನ ಮೇಲೆ ಕೈಯಿಟ್ಟು ಕಿವಿಗೆ ಬಗ್ಗಿದ. ಅವನು ತನ್ನ ಮಾತು ಆಡಿ ಮುಗಿಸಿದ. ಅಷ್ಟರಲ್ಲಿ ಇಡೀ ಮಿಲ್ಲು ಒಮ್ಮೆಲೆ ಸುಮ್ಮನಾಯಿತು. ಕರೆಂಟು ಹೋಗಿರಲಿಲ್ಲ, ದೀಪಗಳು ಉರಿಯುತ್ತಿದ್ದವು. ತಿರುಗಿ ನೋಡಿದರೆ ಗೋಡೆಯ ಹತ್ತಿರ ಅಕ್ಕ ದೊಡ್ಡ ಸ್ವಿಚ್ಚಿನ ಹಿಡಿಯನ್ನು ಕೆಳಗೆ ಎಳೆದು ನಿಂತಿದ್ದಳು. ಸುಗ್ಗಿಯ ದಿನದಲ್ಲಿ ಮಿಷನ್ ನಿಲ್ಲಿಸುವ ಅಧಿಕಾರ ಸೇಟರನ್ನು ಬಿಟ್ಟು ಯಾರಿಗೂ ಇರಲಿಲ್ಲ.

“ಬಂದ್ ಮಾಡೀನ್ರಿ,” ಎಂದಳು ಅಕ್ಕ. “ಈಗ ಹೇಳ್ರಿ. ಅಕಿ ಕಿವ್ಯಾಗ ಏನ್ ಹೇಳಿದ್ರಿ, ಎಲ್ಲಾರಿಗೂ ಕೇಳಸ್ಲಿ.”

ಮ್ಯಾನೇಜರ್ ಕೆಲಸದ ಮಾತು ಎಂದ. ಕೆಲಸದ ಮಾತಾದರೆ ನಮಗೂ ಬೇಕು ಎಂದಳು ಅಕ್ಕ. ಅವನು ಮಿಷನ್ ಚಾಲೂ ಮಾಡು ಎಂದು ಗದರಿದ. ಅಕ್ಕ ಹಿಡಿಯ ಮೇಲಿನ ಕೈ ತೆಗೆಯಲಿಲ್ಲ. ನನ್ನ ಕಡೆ ನೋಡಿ ಮೆಲ್ಲಗೆ ಕೇಳಿದಳು.

“ನೀ ಹೇಳ್ತಿ ಏನವ್ವ? ಹೇಳಲೇಬೇಕಂತೇನಿಲ್ಲ. ನಿನ್ನ ಮರ್ಜಿ.”

ಆ ಮರ್ಜಿ ಎಂಬ ಶಬ್ದವನ್ನು ನನಗೆ ಅದುವರೆಗೆ ಯಾರೂ ಆಡಿರಲಿಲ್ಲ. ಓದಿಗೂ ಮದುವೆಯ ಮಾತಿಗೂ ನೌಕರಿಗೂ ಬೇರೆಯವರ ಮರ್ಜಿಯೇ. ನಾನು ಹೇಳಿಬಿಟ್ಟೆ. ಸಂಜೆ ಅವನ ಗಾಡಿಯಲ್ಲಿ ಅವನ ರೂಮಿಗೆ ಬರಬೇಕಂತೆ, ಬಂದರೆ ಈ ಧೂಳಿನೊಳಗೆ ಓಡಾಡುವುದು ತಪ್ಪುತ್ತದಂತೆ, ಆಮೇಲೆ ನನ್ನ ಮೈಯ ಬಗ್ಗೆ ಆಡಿದ ಮಾತು, ಅದನ್ನೂ ಹೇಳಿದೆ. ಬೇಳೆ ಆರಿಸುತ್ತಿದ್ದವರ ಕೈಗಳೆಲ್ಲ ನಿಂತವು. ಆಚೆಯಿಂದ ಹಮಾಲರೂ ಬಂದು ನಿಂತಿದ್ದರು. ನನ್ನ ಧ್ವನಿ ನಡುಗುತ್ತಿತ್ತು, ಆದರೆ ಆ ನಿಶ್ಶಬ್ದದಲ್ಲಿ ಮೂಲೆ ಮೂಲೆಗೂ ಕೇಳಿತು.

ಮರುದಿನ ಸೇಟರು ಎಲ್ಲರನ್ನೂ ತೊಗರಿ ಒಣಗಿಸುವ ಅಂಗಳಕ್ಕೆ ಕರೆದರು. ಅಲ್ಲಿ ನಡೆದದ್ದು ಪಂಚಾಯಿತಿಯಲ್ಲ, ದೊಡ್ಡ ವಾದ. ಸೇಟರು ಮೊದಲು ಸಮಾಧಾನದ ದನಿಯಲ್ಲೇ ಮಾತಾಡಿದರು. ಮ್ಯಾನೇಜರ್ ಹೆಂಡತಿ ಮಕ್ಕಳಿರುವ ಮನುಷ್ಯ, ಬಾಯಿ ತಪ್ಪಿ ಆಡಿದ್ದಾನೆ, ಮಾಫಿ ಕೇಳುತ್ತಾನೆ, ಇಲ್ಲಿಗೆ ಮುಗಿಸೋಣ ಎಂದರು. ಈ ಹುಡುಗಿ ನನಗೂ ಮಗಳ ಹಾಗೆ ಎಂದೂ ಸೇರಿಸಿದರು.

“ಮಗಳ ಹಂಗ ಬ್ಯಾಡ್ರಿ,” ಎಂದಳು ಅಕ್ಕ. “ಮಗಳಂದ್ರ ಮನ್ಯಾಗ ಕೂಡಸ್ತೀರಿ. ಕೆಲಸಕ್ಕ ಬಂದಾಕಿ ಅಂತ ನೋಡ್ರಿ, ಅಷ್ಟ ಸಾಕು.”

ಹಮಾಲರ ಸೂಪರ್‌ವೈಜರ್, ಗಂಡಸರು ಹೆಂಗಸರು ಕೂಡಿ ಕೆಲಸ ಮಾಡುವ ಕಡೆ ಇದೆಲ್ಲ ಇದ್ದದ್ದೇ, ಇಷ್ಟು ನಾಜೂಕಾದವರು ಹೊರಗೆ ಬರಬಾರದು ಎಂದ. ಹಾಗಾದರೆ ನಾಜೂಕಾಗಿ ನಡೆದುಕೊಳ್ಳಲು ಬಾರದವರೇ ಮನೆಯಲ್ಲಿರಲಿ, ನಾವು ಯಾಕೆ ಇರಬೇಕು ಎಂದು ಅಕ್ಕ ಕೇಳಿದಳು. ಸೇಟರಿಗೆ ಸಿಟ್ಟು ಬಂತು. ಇಷ್ಟೆಲ್ಲ ತಕರಾರು ಯಾರಿಗೆ ಬೇಕು, ಮುಂದಿನ ಸುಗ್ಗಿಗೆ ಬರೀ ಗಂಡಾಳುಗಳನ್ನೇ ಇಟ್ಟುಕೊಳ್ಳುತ್ತೇನೆ ಎಂದುಬಿಟ್ಟರು. ಹೆಂಗಸರಲ್ಲಿ ಗುಜುಗುಜು ಎದ್ದಿತು. ಅಕ್ಕ ಮಾತ್ರ ಅಲುಗಲಿಲ್ಲ.

“ಇಟ್ಕೋರಿ ಸೇಟ್. ನಮ್ಮ ಪಗಾರದಾಗ ಗಂಡಸರು ಬೇಳಿ ಆರಸಾಕ ಬರ್ತಾರೇನ್ ನೋಡ್ರಿ.”

ಹಮಾಲರಲ್ಲೇ ಯಾರೋ ನಕ್ಕರು. 

ನಿಜವಾದ ಪೆಟ್ಟು ಬಂದದ್ದು ನಮ್ಮ ಕಡೆಯಿಂದಲೇ. ಎಲ್ಲರಿಗಿಂತ ಹಳಬಳಾದ, ನಾವು ಆಯಿ ಎಂದು ಕರೆಯುತ್ತಿದ್ದ ಮುದುಕಿ ಎದ್ದು ನಿಂತಳು. ನಾವೆಲ್ಲ ವಯಸ್ಸಿನಲ್ಲಿ ಇದನ್ನು ತಡೆದುಕೊಂಡೇ ದುಡಿದಿದ್ದೇವೆ, ನಿಮ್ಮಿಬ್ಬರ ಸೊಕ್ಕಿಗೆ ಎಲ್ಲರ ಕೆಲಸ ಹೋಗುತ್ತದೆ ಎಂದು ಅಕ್ಕನನ್ನು ಬೈದಳು. ಅಕ್ಕ ಅವಳ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತಳು. ಅಲ್ಲಿಯವರೆಗೆ ಇದ್ದ ಗಡಸು ದನಿಯಲ್ಲಿರಲಿಲ್ಲ.

“ಆಯಿ, ನೀವು ತಡಕೊಂಡ್ರಿ. ಅವ್ರು ಬಿಟ್ರೇನ್ರಿ?”

ಆಯಿ ಇಲ್ಲ ಎಂದು ತಲೆಯಾಡಿಸಿ, ಸೆರಗು ಬಾಯಿಗಿಟ್ಟುಕೊಂಡು ಕೂತುಬಿಟ್ಟಳು.

ಇಷ್ಟು ಜನ ಕೆಲಸ ಮಾಡುವ ಕಡೆ ಹೆಂಗಸರ ದೂರು ಕೇಳಲು ಒಂದು ಸಮಿತಿ ಇರಬೇಕು ಎಂದು ಕಾನೂನಿದೆ. ಅದನ್ನು ನಾವಿಬ್ಬರೂ ನನ್ನ ಫೋನಿನಲ್ಲಿ ಹುಡುಕಿ ಓದಿಕೊಂಡಿದ್ದೆವು. ಅಕ್ಕ ಕೇಳಿದಾಗ ಸೇಟರು, ಅದೆಲ್ಲ ಹೈದರಾಬಾದಿನ ಕಂಪನಿಗಳಿಗೆ, ಬೇಳೆ ಮಿಲ್ಲಿಗಲ್ಲ ಎಂದರು. ಸಮಿತಿ ಇಲ್ಲದ ಕಡೆಯವರು ಜಿಲ್ಲೆಯ ಸಮಿತಿಗೆ ಹೋಗಬಹುದು ಎಂದೂ ಓದಿದ್ದೆವು. ನಾವು ತಾಂಡೂರಿನಿಂದ ರೈಲು ಹತ್ತಿ ಜಿಲ್ಲಾ ಕಚೇರಿಗೆ ಹೋದೆವು. ದೂರು ಕೊಟ್ಟ ಮೇಲೆ ಅಪ್ಪನಿಗೆ ಫೋನು ಮಾಡಿ ಹೇಳಿದೆ. ಅಪ್ಪ ಎರಡು ಸಲ ಮೊದಲಿನಿಂದ ಹೇಳಿಸಿಕೊಂಡರು. ಆಮೇಲೆ, ನಿನ್ನ ಜೋಡಿ ಯಾರಿದ್ದಾರೆ ಎಂದು ಕೇಳಿದರು. ಅಕ್ಕ ಫೋನು ಕಸಿದುಕೊಂಡು ನಾನಿದ್ದೇನೆ ಎಂದಳು.

ವಿಚಾರಣೆಯ ದಿನ ಮ್ಯಾನೇಜರನ ಕಡೆಯವರು ಮೊದಲೇ ಯಾಕೆ ಹೇಳಲಿಲ್ಲ, ನಗುತ್ತಾ ಮಾತಾಡುತ್ತಿದ್ದೆಯಲ್ಲ ಎಂದೆಲ್ಲ ನನ್ನನ್ನು ಕೇಳಿದರು. ಉತ್ತರ ಕೊಡುತ್ತಾ ಹೋದೆ. ಅಕ್ಕ ತಾನು ಕಂಡದ್ದನ್ನು ತೆಲುಗಿನಲ್ಲಿ ಒಂದು ಶಬ್ದವೂ ಹೆಚ್ಚಿಲ್ಲದೆ ಹೇಳಿದಳು. ಬೇರೆ ಯಾರೂ ಸಾಕ್ಷಿಗೆ ಬರುವುದಿಲ್ಲ ಎಂದುಕೊಂಡು ಹೊರಗೆ ಬಂದರೆ, ಬಾಗಿಲಲ್ಲಿ ಆಯಿ ನಿಂತಿದ್ದಳು. ಕೈಯಲ್ಲಿ ರೊಟ್ಟಿಯ ಗಂಟು. ಯಾರೂ ಕರೆದಿರಲಿಲ್ಲ, ತಾನೇ ಮುಂದಿನ ರೈಲಿಗೆ ಬಂದಿದ್ದಳು. ಹುಡುಗಿ ಹೇಳಿದ್ದು ನಾನು ಕಿವಿಯಾರೆ ಕೇಳಿದ್ದೇನೆ, ಅವನ ಕೈ ಅವಳ ಬೆನ್ನ ಮೇಲಿದ್ದದ್ದು ನಾನು ಕಣ್ಣಾರೆ ನೋಡಿದ್ದೇನೆ ಎಂದು ಒಳಗೆ ಹೋಗಿ ಹೇಳಿದಳು.

ತೀರ್ಪು ನಮ್ಮ ಕಡೆ ಬಂತು. ಮ್ಯಾನೇಜರನನ್ನು ಮಿಲ್ಲಿನಿಂದ ತೆಗೆದರು. ತೆಗೆದರು ಎಂದುಕೊಂಡಿದ್ದೆವು, ಆದರೆ ಸೇಟರು ಅವನನ್ನು ನಾರಾಯಣಖೇಡದಲ್ಲಿದ್ದ ತಮ್ಮ ಭಾವನ ಮಿಲ್ಲಿಗೆ ಸೇರಿಸಿದ್ದರು. ಸುದ್ದಿ ತಂದವರು ಇನ್ನು ನಿಮಗೆ ಕಾಟವಿಲ್ಲ ಎಂದು ಸಂತೋಷದಿಂದಲೇ ಹೇಳಿದರು. ಅಕ್ಕ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

“ಅಲ್ಲೇನ್ ಹೆಂಗಸರಿಲ್ಲೇನು?”

ರಜೆಯ ದಿನ ನಾವಿಬ್ಬರೂ ಜಹೀರಾಬಾದಿಗೆ ಹೋಗಿ, ಅಲ್ಲಿ ಬಸ್ಸು ಬದಲಾಯಿಸಿ, ನಾರಾಯಣಖೇಡ ಮುಟ್ಟಿದೆವು. ಊಟಕ್ಕೆ ಹೊರಬಂದ ಹೆಂಗಸರ ನಡುವೆ ಗೇಟಿನ ಹತ್ತಿರ ನಿಂತು ನಾನು ನನಗಾದದ್ದನ್ನು ಹೇಳಿದೆ. ಈ ಸಲ ಹೇಳುವಾಗ ಧ್ವನಿ ನಡುಗಲಿಲ್ಲ. ಒಬ್ಬಳಿಗೆ ಹೀಗಾದರೆ ಎಲ್ಲರೂ ಕೆಲಸ ಬಿಟ್ಟು ಎದ್ದು ನಿಲ್ಲಿ, ಅವನಿಗೆ ಅಷ್ಟು ಸಾಕು ಎಂದಳು ಅಕ್ಕ. ಕಾವಲುಗಾರ ಬಂದು ಹೊರಡಿ ಎಂದ. ರಸ್ತೆ ನಿಮ್ಮ ಸೇಟರದಲ್ಲ ಎಂದು ಅವನಿಗೆ ಹೇಳಿ, ಹೆಂಗಸರು ಕೊಟ್ಟ ರೊಟ್ಟಿ ತಿಂದು ಮುಗಿಸಿಯೇ ಎದ್ದಳು. ಕೆಲವು ತಿಂಗಳಲ್ಲಿ ಅಲ್ಲಿನ ಹೆಂಗಸರೇ ದೂರು ಕೊಟ್ಟು ಅವನನ್ನು ಹೊರಗೆ ಹಾಕಿಸಿದರು.

ಇದಕ್ಕೆಲ್ಲ ಬೆಲೆ ತೆತ್ತವಳು ಅಕ್ಕ. ಮುಂದಿನ ಸುಗ್ಗಿಗೆ ಬೇಳೆ ಆರಿಸುವ ಮಿಷನ್ ಬಂದಿದೆ ಎಂಬ ಕಾರಣ ಹೇಳಿ ಮೊದಲು ಅವಳನ್ನೇ ಬಿಡಿಸಿದರು. ಉಳಿದವರನ್ನು ಇಟ್ಟುಕೊಂಡರು. ಬೇರೆ ಮಿಲ್ಲುಗಳೂ ಅವಳ ಹೆಸರು ಕೇಳಿ ಬೇಡ ಎಂದವು. ಅವಳ ಕೆಲಸವನ್ನು ಒಬ್ಬ ಗಂಡಸಿಗೆ ಕೊಟ್ಟರು, ಸೂಪರ್‌ವೈಜರ್ ಎಂಬ ಹೆಸರಿನೊಂದಿಗೆ. ಅದನ್ನು ನೋಡಿ ನಾನೂ ಆ ಮಿಲ್ಲು ಬಿಟ್ಟು ಬೇರೆ ಕಡೆ ಕೆಲಸ ಹಿಡಿದೆ. ಅಕ್ಕ ಗಂಡನೊಂದಿಗೆ ತವರಿನ ಕಡೆ ಹೋಗಿ ಹೊಲದ ಕೆಲಸಕ್ಕೆ ನಿಂತಳು. ಅಷ್ಟು ವರ್ಷ ಒಳಗೆ ಹೋದ ಧೂಳು ಅವಳನ್ನು ಬಿಡಲಿಲ್ಲ, ಕೆಮ್ಮು ಹೆಚ್ಚುತ್ತಾ ಹೋಯಿತು.

ಕೊನೆಯ ಸಲ ನೋಡಲು ಹೋದಾಗ ಗೋಡೆಗೆ ಒರಗಿ ಕೂತಿದ್ದಳು. ಮಾತಿನ ನಡುವೆ ಉಸಿರು ಎಳೆದುಕೊಳ್ಳಬೇಕಿತ್ತು. ನನಗಾಗಿ ಕೆಲಸ ಕಳೆದುಕೊಂಡೆಯಲ್ಲ ಅಕ್ಕ, ಪಶ್ಚಾತ್ತಾಪ ಇಲ್ಲವೇ ಎಂದು ಕೇಳಿದೆ.

“ನಿನಗಂತ ಯಾರ್ ಹೇಳಿದ್ರು?” ಎಂದಳು. ಉಸಿರು ಎಳೆದುಕೊಂಡು ಮುಂದುವರಿಸಿದಳು, “ನಾ ನಿನ್ನ ವಯಸ್ಸಿನಾಗ ಇದ್ದಾಗ ಬ್ಯಾರೆ ಮ್ಯಾನೇಜರ್ ಇದ್ದ. ಆವತ್ತ ಬಂದ್ ಮಾಡಬೇಕಿತ್ತು. ತಡಾ ಮಾಡಿದೆ, ಅದೊಂದ ಬ್ಯಾಸರ.”

ಆಮೇಲೆ ನನ್ನ ಪಗಾರ ಗಂಡಸರಷ್ಟೇ ಇದೆಯೇ ಎಂದು ವಿಚಾರಿಸಿದಳು. ಇಲ್ಲ ಎಂದೆ. ಕೇಳಿದೆಯಾ ಎಂದಳು. ಅವಳ ಊರಿನಿಂದ ಮರಳಿದ ಮೇಲೆ ಕೇಳಿದೆ, ಬಹಳ ಓಡಾಡಿದ ಮೇಲೆ ಸಿಕ್ಕಿತು. ಅದನ್ನು ಹೇಳಲು ಫೋನು ಮಾಡಿದಾಗ ಎತ್ತಿಕೊಂಡವರು ಅವಳ ಗಂಡ. ಹಿಂದಿನ ದಿನ ಬೆಳಿಗ್ಗೆ ಹೋಗಿಬಿಟ್ಟಳು ಎಂದರು. ಹೊಲಗಳಲ್ಲಿ ತೊಗರಿ ಹೂ ಬಿಟ್ಟಿದ್ದ ಕಾಲ. ಬಸ್ಸಿನ ಕಿಟಕಿಯ ಆಚೆ ದಾರಿಯುದ್ದಕ್ಕೂ ಅದೇ ಕಾಣುತ್ತಿತ್ತು, ನಾನು ಮಣ್ಣು ಕೊಡುವ ಹೊತ್ತಿಗೂ ಮುಟ್ಟಲಿಲ್ಲ.

ಈಗ ನಾನು ಜಹೀರಾಬಾದಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಇಲ್ಲಿ ಸಮಿತಿ ಇದೆ, ಅದರಲ್ಲಿ ನಾನಿದ್ದೇನೆ. ಹೆಸರಿಗೆ ಇದ್ದರೆ ಸಾಕು ಎಂದು ಸೇರಿಸಿಕೊಂಡಿದ್ದರು. ಈಚೆಗೆ ಹೊಸದಾಗಿ ಬಂದ ಒಬ್ಬ ನರ್ಸ್ ಹುಡುಗಿ ಅಳುತ್ತಾ ನನ್ನ ಹತ್ತಿರ ಬಂದಳು. ತನಗೆ ಕಾಟ ಕೊಡುವವನೆಂದು ಅವಳು ಹೇಳಿದ ಹೆಸರು ಇಲ್ಲಿ ತೂಕದ ಹೆಸರು. ಸುದ್ದಿ ಮೇಲಿನವರಿಗೆ ಹೇಗೋ ಮುಟ್ಟಿ, ನನ್ನನ್ನು ಕರೆಸಿ ಟೀ ತರಿಸಿ ಕೊಟ್ಟರು. ಹುಡುಗಿ ಸಣ್ಣವಳು, ನೀವು ಹಿರಿಯರು, ಸ್ವಲ್ಪ ಕೂಡಿಸಿಕೊಂಡು ತಿಳಿಸಿ ಹೇಳಿ ಎಂದರು.

ಅವಳನ್ನು ಕೂಡಿಸಿಕೊಂಡೆ. ನಿನ್ನ ಮರ್ಜಿ ಏನು ಎಂದು ಮೊದಲು ಕೇಳಿದೆ. ಆಮೇಲೆ, ದೂರು ಹೇಗೆ ಕೊಡಬೇಕು ಎಂದು ತಿಳಿಸಿ ಹೇಳಿದೆ.