ಗ್ಲೌಸ್ ಮೇಲಿನ ಅನುಮಾನ

ಗ್ಲೌಸ್ ಹಾಕಿದ ಕೈಯನ್ನು ನಾನು ಸುಲಭಕ್ಕೆ ನಂಬುವವನಲ್ಲ. ಕೊರೊನಾ ಕಾಲದಲ್ಲಿ ಜೋಗೇಶ್ವರಿಯ ನನ್ನ ಹೋಟೆಲಿನವರಿಗೆಲ್ಲ ಗ್ಲೌಸ್ ಕೊಡಿಸಿ ಪಾಠ ಕಲಿತಿದ್ದೆ. ಬರಿಗೈಗೆ ಸಾಂಬಾರು ತಾಗಿದರೆ ಮನುಷ್ಯ ಓಡಿಹೋಗಿ ತೊಳೆಯುತ್ತಾನೆ. ಗ್ಲೌಸಿಗೆ ತಾಗಿದರೆ ಅವನಿಗೆ ಗೊತ್ತೇ ಆಗುವುದಿಲ್ಲ. ಅದೇ ಕೈಯಲ್ಲಿ ಟೇಬಲ್ ಒರೆಸಿ, ಮಾಸ್ಕ್ ಎಳೆದುಕೊಂಡು, ಇಡ್ಲಿ ಎತ್ತುತ್ತಾನೆ. ಬೈದರೆ, "ಗ್ಲೌಸ್ ಉಂಟಲ್ಲ ಅಣ್ಣ!" ಅನ್ನುತ್ತಾನೆ.

ಆಗಲೇ ನನ್ನ ಅಕ್ಕ ಮಲಾಡಿನ ಒಂದು ಆಸ್ಪತ್ರೆಯ ಐಸಿಯು ಸೇರಿದ್ದು. ಮಗಳಿಗೂ ತನ್ನಿಂದಲೇ ಕೊರೊನಾ ಬಂತು ಎಂದು ಆಂಬುಲೆನ್ಸ್ ಹತ್ತುವಾಗ ಅತ್ತಿದ್ದಳು. ಆ ಮಗಳು ಭಾಂಡುಪಿನ ಮನೆಯಲ್ಲಿ ಒಬ್ಬಳೇ ಬಾಗಿಲು ಹಾಕಿಕೊಂಡು ಇದ್ದಳು. ಆಸ್ಪತ್ರೆಯವರು ದಿನಕ್ಕೊಮ್ಮೆ ಮನೆಯ ಒಬ್ಬರಿಗೆ ವಿಡಿಯೋ ಕಾಲ್ ಮಾಡಿ ಎರಡು ನಿಮಿಷ ಅಕ್ಕನನ್ನು ತೋರಿಸುತ್ತಿದ್ದರು. ಗಂಟಲಲ್ಲಿ ಪೈಪು ಇರುವ ತಾಯಿಯನ್ನು ನೋಡುವ ಧೈರ್ಯ ಮಗಳಿಗಿರಲಿಲ್ಲ. ಹಾಗಾಗಿ ಕಾಲ್ ನನಗೇ ಬರುತ್ತಿತ್ತು.

ಅಕ್ಕ ಸುಧಾರಿಸುತ್ತಿದ್ದಾಳೆ ಎಂದಿದ್ದ ಡಾಕ್ಟರು ಒಂದು ಬೆಳಿಗ್ಗೆ ಫೋನಿನಲ್ಲಿ ದನಿ ತಗ್ಗಿಸಿದರು. ಮತ್ತೆ ಜ್ವರ ಬಂದಿದೆ, ಇದು ಕೊರೊನಾ ಅಲ್ಲ, ಬೇರೆ ಇನ್‌ಫೆಕ್ಷನ್, ಐಸಿಯುವಿನಲ್ಲಿ ಹೀಗಾಗುವುದುಂಟು ಎಂದರು. ಹೀಗಾಗುವುದುಂಟು ಎಂದರೇನು? ಒಳಗೆ ನಮ್ಮವರು ಯಾರೂ ಕಾಲಿಟ್ಟಿಲ್ಲ. ಹಾಗಾದರೆ ತಂದವರು ಯಾರು? ನನಗೆ ಮೈ ಉರಿಯಿತು.

ಅವತ್ತೇ ಅಕ್ಕನ ಮಗಳು, ನನ್ನ ಸೊಸೆ, ಫೋನ್ ಮಾಡಿದಳು. "ಮಾಮ, ನನ್ನ ರಿಪೋರ್ಟ್ ನೆಗೆಟಿವ್ ಆಯ್ತು. ಮಮ್ಮಿಗೆ ಬತಾಯಿಸಿ, ಪ್ಲೀಸ್. ಮೊದಲು ಅದೇ ಹೇಳಿ." ಆಯಿತು ಮಗಾ ಎಂದೆ.

ಮಧ್ಯಾಹ್ನ ವಿಡಿಯೋ ಕಾಲ್ ಬಂದಾಗ ನರ್ಸ್ ಫೋನನ್ನು ಒಂದು ಕಡೆ ನಿಲ್ಲಿಸಿ ಪಕ್ಕದ ಬೆಡ್ಡಿನವರ ದಿಂಬು ಸರಿಮಾಡುತ್ತಿದ್ದಳು. ಅದೇ ಗ್ಲೌಸಿನಲ್ಲಿ ಫೋನ್ ಹಿಡಿದು ಬಂದು ಅಕ್ಕನ ಪೈಪು ಮುಟ್ಟಿದಳು. ನಾನು ಕಣ್ಣಾರೆ ಕಂಡೆ.

"ಸಿಸ್ಟರ್, ಗ್ಲೌಸ್ ಬದಲಾಯಿಸಿ!" ಎಂದು ಹಿಂದಿಯಲ್ಲಿ ಕೂಗಿದೆ.

"ಅಂಕಲ್, ಆರು ಬೆಡ್‌ಗೆ ನಾನೊಬ್ಬಳೇ ಇದ್ದೇನೆ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ನಾನು ಬಿಡಲಿಲ್ಲ. ಹೆಸರು ಕೇಳಿದೆ, ಕಂಪ್ಲೇಂಟ್ ಕೊಡುತ್ತೇನೆ ಎಂದೆ. ಅವಳು ಫೋನನ್ನು ಎಲ್ಲೋ ಇಟ್ಟು ಗ್ಲೌಸ್ ಬದಲಾಯಿಸಲು ಹೋದಳು. ನನಗೆ ಛಾವಣಿಯ ಟ್ಯೂಬ್‌ಲೈಟ್ ಮಾತ್ರ ಕಾಣುತ್ತಿತ್ತು. ಅಷ್ಟರಲ್ಲಿ ಕಾಲ್ ಕಟ್ ಆಯಿತು. ಗೆದ್ದೆ ಅಂದುಕೊಂಡೆ.

ಮರುದಿನ ಕಾಲ್ ಬರಲಿಲ್ಲ. ಅದರ ಮರುದಿನ ಅಕ್ಕ ಹೋದಳೆಂದು ಸುದ್ದಿ ಬಂತು. ಅಂಥ ಗ್ಲೌಸಿನಿಂದಲೇ ಆಯಿತೆಂದು ಹೇಳಲು ನನ್ನಲ್ಲಿ ಪುರಾವೆ ಇಲ್ಲ. ಅನುಮಾನ ಮಾತ್ರ ಇವತ್ತಿಗೂ ಹೋಗಿಲ್ಲ.

ಸ್ಮಶಾನದ ಗೇಟಿನ ಹೊರಗೆ ಸೊಸೆ ನನ್ನ ತೋಳು ಹಿಡಿದು ಕೇಳಿದಳು, "ಮಾಮ, ರಿಪೋರ್ಟ್ ಮಾತು ಹೇಳಿದ್ರಲ್ಲ? ಮಮ್ಮಿ ಏನು ಮಾಡಿದ್ರು?"

"ಹೇಳಿದೆ. ಕಣ್ಣು ಮಿಟುಕಿಸಿದಳು" ಎಂದೆ. ಅವತ್ತು ಅಕ್ಕನ ಕಣ್ಣು ತೆರೆದಿತ್ತೋ ಮುಚ್ಚಿತ್ತೋ, ನಾನು ನೋಡಿರಲೇ ಇಲ್ಲ.