ಜೇನಿನ ನಾಣ್ಯ ಮತ್ತು ಬಸಣ್ಣನ ಬಾಟಲಿ

ನನಗೆ ನಾಣ್ಯ ಸಂಗ್ರಹದ ಹುಚ್ಚಿತ್ತು ಎಂದು ಹೇಳಿಕೊಳ್ಳಲು ಸ್ವಲ್ಪ ನಾಚಿಕೆ. ಅದರಲ್ಲೂ ನನ್ನದು ಜೇನುಹುಳದ ಚಿತ್ರವಿರುವ ನಾಣ್ಯಗಳ ಸಂಗ್ರಹ. ಅದರಲ್ಲಿ ಇದ್ದದ್ದು ಒಂದೇ ನಾಣ್ಯ. ಒಂದನ್ನು ಸಂಗ್ರಹ ಎನ್ನಬಹುದೇ ಎಂದು ಹೆಂಡತಿ ಕೇಳಿದ್ದುಂಟು. ಯಾವುದೇ ಸಂಗ್ರಹ ಶುರುವಾಗುವುದು ಒಂದರಿಂದಲೇ ಎಂದು ನಾನು ಮೇಷ್ಟ್ರ ಗತ್ತಿನಲ್ಲಿ ಉತ್ತರಿಸಿದ್ದೆ.

ಆ ತಾಮ್ರದ ಬಿಲ್ಲೆ ಇಟಲಿಯದು. ಯುದ್ಧಕಾಲದಲ್ಲಿ ಬೆಂಗಳೂರಿನಲ್ಲಿ ಸೆರೆಯಿಟ್ಟಿದ್ದ ಇಟಲಿಯ ಸಿಪಾಯಿಯೊಬ್ಬ ಬೀಡಿಗೆ ಬದಲಾಗಿ ನನ್ನ ಸೋದರಮಾವನಿಗೆ ಕೊಟ್ಟದ್ದು, ಮಾವನಿಂದ ನನಗೆ ಬಂದದ್ದು. ಒಂದು ಮಗ್ಗುಲಲ್ಲಿ ರಾಜನ ಮುಖ, ಇನ್ನೊಂದರಲ್ಲಿ ಹೂವಿನ ಮೇಲೆ ಕೂತ ಜೇನು. ರಾಜನಿಗಿಂತ ಜೇನೇ ಲಕ್ಷಣವಾಗಿತ್ತು. ಎರಡು ಸಾವಿರ ವರ್ಷಗಳಿಗೂ ಹಿಂದೆ ಎಫೆಸಸ್ ಎಂಬ ಗ್ರೀಕರ ಪಟ್ಟಣದವರು ಬೆಳ್ಳಿಯ ಮೇಲೆ ಜೇನನ್ನು ಒತ್ತುತ್ತಿದ್ದರಂತೆ. ನಮ್ಮ ಅರಸರು ಆನೆ, ಹಂದಿ, ದೇವರು ಎಲ್ಲವನ್ನೂ ಒತ್ತಿಸಿದರು. ನನಗೆ ತಿಳಿದಂತೆ ಜೇನಿನ ನೆನಪು ಯಾರಿಗೂ ಆಗಲಿಲ್ಲ. ದಾವಣಗೆರೆಯ ಹೈಸ್ಕೂಲಿನಲ್ಲಿ ಚರಿತ್ರೆ ಹೇಳುತ್ತಿದ್ದ ನಾನು ಇದನ್ನು ಪಾಠದ ನಡುವೆ ತಂದು ಇಡೀ ತರಗತಿಯನ್ನು ಆಕಳಿಸುವಂತೆ ಮಾಡಿದ್ದೇನೆ.

ನಾಣ್ಯದ ಹುಚ್ಚು ಹತ್ತಿದ್ದು ಜೇನುಹುಳಗಳಿಂದ. ನೆರೆಮನೆಯ ಬಸಣ್ಣ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದವರು. ಊರ ಪಕ್ಕದ ಆನೆಕೊಂಡದ ಹುಣಸೆಮರದ ಪೊಟರೆಯಲ್ಲಿದ್ದ ತುಡುವೆ ಜೇನನ್ನು ಇಬ್ಬರೂ ಸೇರಿ ಪೆಟ್ಟಿಗೆಗೆ ತುಂಬಿ, ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ ತಂದೆವು. ಅವರಿಗೆ ಒಂದೂ ಕಚ್ಚಲಿಲ್ಲ. ನಾನು ಮೂರು ದಿನ ಒಂದೇ ಕಣ್ಣಿನಲ್ಲಿ ಪಾಠ ಮಾಡಿದೆ. ಆಮೇಲೆ ಜೇನು ಇಳಿಸಿದಾಗಲೆಲ್ಲ ಅರ್ಧ ಬಾಟಲಿ ಅವರ ಮನೆಗೆ ಹೋಗುತ್ತಿತ್ತು.

ನಯಾಪೈಸೆ ಬಂದ ಹೊಸದರಲ್ಲಿ, ಒಂದು ಬೇಸಗೆ, ಹುಳಗಳು ಪೆಟ್ಟಿಗೆ ಬಿಟ್ಟು ಎದ್ದವು. ಅವನ್ನು ಕೆಳಗಿಳಿಸಲೆಂದು ಅವ್ವ ಕಂಚಿನ ತಟ್ಟೆ ಬಡಿದಳು, ನಾನು ಮಣ್ಣು ಎರಚಿದೆ. ಅವು ತಿರುಗಿಯೂ ನೋಡದೆ ಹೋದವು. ನಾನು ಎರಡು ಹೊತ್ತು ಊಟ ಬಿಟ್ಟೆ. ಹದಿನೈದು ದಿನಕ್ಕೆ ಯಾವುದೋ ಗುಂಪು ತಾನಾಗಿಯೇ ಬಂದು ಆ ಖಾಲಿ ಪೆಟ್ಟಿಗೆಯಲ್ಲಿ ಕೂತಿತು. ಆ ಸಂತೋಷದಲ್ಲಿ ನಾಣ್ಯವನ್ನೊಮ್ಮೆ ನೋಡೋಣವೆಂದು ಅದನ್ನಿಟ್ಟಿದ್ದ ಡಬ್ಬಿ ತೆಗೆದರೆ, ನಾಣ್ಯವಿಲ್ಲ.

ಈಗ ನನ್ನ ಸಣ್ಣತನವನ್ನು ಹೇಳಬೇಕು. ಮನೆಯಲ್ಲಿ ಒಂದು ಮಾತು ಕೇಳಬಹುದಿತ್ತು. ಆದರೆ ಇಡೀ ಸಂಗ್ರಹವೇ ಕಳೆದುಹೋಯಿತೆಂದು ಹೆಂಡತಿಯ ಮುಂದೆ ಒಪ್ಪಿಕೊಳ್ಳುವುದು ಹೇಗೆ? ನನಗೆ ನೆನಪಾದದ್ದು ಬಸಣ್ಣ. ಡಬ್ಬಿಯ ಜಾಗ ಗೊತ್ತಿದ್ದ ಹೊರಗಿನವರು ಅವರೊಬ್ಬರೇ. ಹಿಂದಿನ ತಿಂಗಳು ನಾಣ್ಯ ಕೈಯಲ್ಲಿ ಹಿಡಿದು "ಇದನ್ನ ನನಗ ಕೊಟ್ಟುಬಿಡ್ರಿ ಮೇಷ್ಟ್ರೇ" ಎಂದು ನಕ್ಕಿದ್ದರು ಬೇರೆ. ಕೇಳುವ ಧೈರ್ಯವಿಲ್ಲ, ಬಿಡುವ ಮನಸ್ಸೂ ಇಲ್ಲ. ಅವರು ಬೇಲಿಯಾಚೆಯಿಂದ "ಚಾ ಆತೇನ್ರಿ" ಎಂದರೆ ಕೇಳಿಸದವನಂತೆ ಒಳಗೆ ಹೋಗುತ್ತಿದ್ದೆ. ಎಂಟು ದಿನಕ್ಕೆ ಅವರೂ ಕೇಳುವುದನ್ನು ಬಿಟ್ಟರು.

ಅದರ ಮುಂದಿನ ಸೋಮವಾರ ಅವ್ವ, "ಹರಿಹರಕ್ಕೆ ಹೋಗ್ಬೇಕಪ್ಪ, ಮುಡಿಪು ಐತೆ" ಎಂದಳು. ಹುಳ ಹೋದ ದಿನ ನನ್ನ ಮುಖ ನೋಡಲಾರದೆ, ಅವು ತಿರುಗಿ ಬರಲೆಂದು ಅರಿಸಿನದ ಬಟ್ಟೆಯಲ್ಲಿ ಕಾಸು ಕಟ್ಟಿ ದೇವರ ಗೂಡಿನಲ್ಲಿಟ್ಟು ಹರಕೆ ಹೊತ್ತಿದ್ದಳಂತೆ. ಹರಿಹರದ ಗುಡಿಯಲ್ಲಿ, ಹುಂಡಿಯ ಮುಂದೆ ನಿಂತು ಗಂಟು ಬಿಚ್ಚಿದಳು. ಅವಳ ಅಂಗೈಯಲ್ಲಿ ನನ್ನ ಜೇನು ಕೂತಿತ್ತು.

"ಅವ್ವಾ, ಇದು ಎಲ್ಲಿತ್ತು?"

"ನಿನ್ನ ಡಬ್ಬ್ಯಾಗ. ದಿನಕ್ಕೊಂದು ಹೊಸ ಪೈಸೆ ಬರ್ತಾವಲ್ಲ, ಇದೂ ಸರ್ಕಾರದ್ದೇ ಅಂದ್ಕಂಡೆ. ಹುಳದ ಹರಕೆಗೆ ಹುಳದ ಪೈಸೇನೇ ಇರ್ಲಿ ಅಂತ ಕಟ್ಟಿದೆ. ಯಾಕ, ಹಾಕೋದು ಬ್ಯಾಡೇನು?"

ಬೇರೆ ಕಾಸು ಹಾಕು ಎನ್ನಬಹುದಿತ್ತು. ಕೈ ಜೇಬಿಗೂ ಹೋಗಿತ್ತು. ಆದರೆ ಆಗ ನನಗೆ ನಾಣ್ಯಕ್ಕಿಂತ ದೊಡ್ಡದಾಗಿ ಕಂಡದ್ದು ಬಸಣ್ಣ ಕದ್ದಿಲ್ಲ ಎಂಬುದು. ಅದಕ್ಕಿಂತಲೂ ದೊಡ್ಡದಾಗಿ, ಅವರು ಕದ್ದರೆಂಬ ಮಾತು ನನ್ನ ಬಾಯಿಂದ ಹೊರಬಿದ್ದಿಲ್ಲ ಎಂಬುದು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. "ಹಾಕವ್ವ" ಎಂದೆ. ಹುಂಡಿಯೊಳಗೆ ಠಣ್ ಎಂದಿತು. ಹೊಳೆಗೆ ಇಳಿದು ಕಾಲು ತೊಳೆದಾಗ ನೀರು ಎಂದೂ ಇಲ್ಲದಷ್ಟು ಹಿತವಾಗಿತ್ತು.

ಊರಿಗೆ ಬಂದವನೇ ಮನೆಯಲ್ಲಿ ಉಳಿದಿದ್ದ ತುಂಬಿದ ಬಾಟಲಿ ಹಿಡಿದು ನೆರೆಮನೆಗೆ ಹೋದೆ.

"ಏನ್ರಿ ಮೇಷ್ಟ್ರೇ, ಪೂರಾ ಬಾಟ್ಲಿ? ಏನ್ ವಿಶೇಷ?" ಎಂದರು ಬಸಣ್ಣ.

"ಹುಳ ತಿರುಗಿ ಬಂದಾವಲ್ರಿ" ಎಂದೆ.

"ಬರ್ರಿ, ಕೂಡ್ರಿ. ಚಾ ಆತೇನ್ರಿ?"

ಚಹಾ ಆಗಿತ್ತು. ಆಗಿಲ್ಲವೆಂದು ಹೇಳಿ ಕೂತೆ.

ಅಂದಿನಿಂದ ಅವರಿಗೆ ಪೂರಾ ಬಾಟಲಿಯೇ ಹೋಗುತ್ತಿದೆ. ಮೇಷ್ಟ್ರ ಕೈ ಬಲು ಧಾರಾಳ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಅವರು ಹತ್ತಿಯ ಧಾರಣೆ ಬಿಟ್ಟು ಬೇರೇನನ್ನೂ ಓದುವವರಲ್ಲ ಎಂಬ ಧೈರ್ಯದಿಂದ ಇಲ್ಲಿ ಬರೆಯುತ್ತಿದ್ದೇನೆ: ಆ ಬಾಟಲಿಯಲ್ಲಿ ಅರ್ಧ ಸ್ನೇಹ, ಇನ್ನರ್ಧ ದಂಡ.